ನಮ್ಮ ಲಾಗ್‌ಫೋರ್‌ಜೆ 2015ರಲ್ಲೇ ನಿಂತುಹೋಗಿತ್ತು

2021ರ ಡಿಸೆಂಬರ್ 10, ಶುಕ್ರವಾರ. ಬೆಳಿಗ್ಗೆ ಫೋನ್ ತೆಗೆದರೆ ಟೀಮ್ ಗ್ರೂಪಿನ ತುಂಬ ಒಂದೇ ಮಾತು: ಲಾಗ್‌ಫೋರ್‌ಜೆ. ಜಾವಾ ಪ್ರೋಗ್ರಾಮ್‌ಗಳು ಲಾಗ್, ಅಂದರೆ ತಾವು ಮಾಡಿದ್ದರ ದಾಖಲೆ, ಬರೆಯಲು ಬಳಸುವ ಈ ಲೈಬ್ರರಿಯಲ್ಲಿ (ಬೇರೆಯವರು ಬರೆದಿಟ್ಟ ಸಿದ್ಧ ಕೋಡ್) ದೊಡ್ಡ ತೂತು ಸಿಕ್ಕಿತ್ತು. ಲಾಗಿನ್ ಪುಟದಲ್ಲಿ ಹೆಸರಿನ ಬದಲು ಒಂದು ವಿಶೇಷ ಸಾಲು ಟೈಪ್ ಮಾಡಿದರೆ ಸಾಕು. ಅದು ಲಾಗ್‌ಗೆ ಹೋದ ಕೂಡಲೇ ಲೈಬ್ರರಿಯೇ ಹೊರಗಿನ ಸರ್ವರ್ ಹುಡುಕಿಕೊಂಡು ಹೋಗಿ, ಅಲ್ಲಿಂದ ಕೋಡ್ ತಂದು ನಡೆಸಿಬಿಡಬಹುದಿತ್ತು. ತೀವ್ರತೆಗೆ ಕೊಟ್ಟ ಅಂಕ 10ಕ್ಕೆ 10.

ನಾನು ನೋಡಿಕೊಳ್ಳುತ್ತಿದ್ದದ್ದು ಒಂದು ಹಳೆಯ ಬಿಲ್ಲಿಂಗ್ ಅಪ್ಲಿಕೇಶನ್. ಕಾಲ್‌ನಲ್ಲಿ ಸಹೋದ್ಯೋಗಿ ಹೇಳಿದರು, "ಸರ್, ನಮ್ದು 1.2.17. ತೂತಿರೋದು 2ರಲ್ಲಿ. ನಮಗೇನೂ ಆಗಲ್ಲ." ನನಗೂ ಹೋದ ಜೀವ ಬಂದಂತಾಯಿತು.

ಸಂಜೆ ಕೂತು ಓದಿದಾಗ ಆ ಸಮಾಧಾನ ಉಳಿಯಲಿಲ್ಲ. 1.2.17 ಬಂದದ್ದು 2012ರಲ್ಲಿ. 2015ರ ಆಗಸ್ಟ್‌ನಲ್ಲೇ ಈ ಲೈಬ್ರರಿಯನ್ನು ನೋಡಿಕೊಳ್ಳುವ ಅಪಾಚೆಯವರು 1ನೇ ಸರಣಿಗೆ ಬೆಂಬಲ ನಿಲ್ಲಿಸಿದ್ದರು. ಅದರಲ್ಲೂ ತೂತುಗಳಿದ್ದವು, ನೆಟ್‌ವರ್ಕ್‌ನಿಂದ ಲಾಗ್ ತೆಗೆದುಕೊಳ್ಳುವ ಭಾಗದ್ದು 2019ರಲ್ಲೇ ದಾಖಲಾಗಿತ್ತು. ಗೊತ್ತಾದ ತೂತುಗಳನ್ನು ಹುಡುಕುವ ನಮ್ಮ ಸ್ಕ್ಯಾನರ್ ಪ್ರೋಗ್ರಾಮ್ ಅದನ್ನು ತೋರಿಸಿತ್ತು ಕೂಡ. "ಈ ಭಾಗ ನಾವು ಬಳಸಲ್ಲ" ಎಂದು ಬರೆದು ಆ ಎಚ್ಚರಿಕೆಯನ್ನು ಮುಚ್ಚಿದ್ದು ನಾನೇ. ಆ ಮಾತು ನಿಜ. ಆದರೆ ನಾವು ಬಳಸುವ ಭಾಗದಲ್ಲೇ ನಾಳೆ ಏನಾದರೂ ಸಿಕ್ಕರೆ ಪ್ಯಾಚ್ ಕೊಡುವವರೇ ಇಲ್ಲ, ಅಲ್ವಾ? ಇದನ್ನು ನಾನು ಯೋಚಿಸಿರಲೇ ಇಲ್ಲ. ಗೊತ್ತಾದ ತೂತುಗಳನ್ನು ಸ್ಕ್ಯಾನರ್ ಹೇಳುತ್ತಿತ್ತು. ಬೆಂಬಲ ಮುಗಿದಿದೆ ಅನ್ನೋದನ್ನು ಹೇಳುತ್ತಿರಲಿಲ್ಲ.

ಸೋಮವಾರದಿಂದ ಎಣಿಕೆ ಶುರು. ಲೈಬ್ರರಿಗಳನ್ನು ತಂದು ಜೋಡಿಸುವ ಮಾವೆನ್‌ನ ಡಿಪೆಂಡೆನ್ಸಿ ಟ್ರೀಯನ್ನು, ಅಂದರೆ ಯಾವ ಲೈಬ್ರರಿ ಯಾವುದನ್ನು ಎಳೆದು ತರುತ್ತದೆ ಎಂಬ ಪಟ್ಟಿಯನ್ನು, ಪ್ರತಿ ಸರ್ವಿಸ್‌ಗೂ ತೆಗೆದೆವು. ಲಾಗ್‌ಫೋರ್‌ಜೆ ಬೇಕು ಎಂದು ನಾವೇ ಬರೆದದ್ದು ಎರಡು ಕಡೆ. ಸಿಕ್ಕಿದ್ದು ಏಳು ಕಡೆ! ಉಳಿದವನ್ನು ಬೇರೆ ಲೈಬ್ರರಿಗಳು ಜೊತೆಗೆ ಎಳೆದು ತಂದಿದ್ದವು. ಒಂದು ಕಡೆಯಂತೂ ಟ್ರೀಯಲ್ಲೂ ಕಾಣಲಿಲ್ಲ. ಬೇರೊಬ್ಬರು ಕೊಟ್ಟ ಜಾರ್ ಫೈಲಿನೊಳಗೇ (ಜಾವಾ ಕೋಡ್‌ನ ಗಂಟು) ಲಾಗ್‌ಫೋರ್‌ಜೆಯ ಕ್ಲಾಸ್‌ಗಳನ್ನು, ಅಂದರೆ ಕೋಡ್‌ನ ತುಣುಕುಗಳನ್ನು, ಬೆರೆಸಿಟ್ಟಿದ್ದರು. ಎಲ್ಲ ಜಾರ್‌ಗಳನ್ನೂ ಬಿಚ್ಚಿ ಕ್ಲಾಸ್ ಹೆಸರಿನಿಂದ ಹುಡುಕಿದಾಗಲೇ ಅದು ಸಿಕ್ಕಿದ್ದು. ಫೈಲಿನ ಹೆಸರು ನಂಬಿ ನಿಲ್ಲಿಸಬೇಡಿ.

ಇದನ್ನೆಲ್ಲ ಒಂದು ಶೀಟ್‌ಗೆ ಹಾಕಿದೆವು: ಲೈಬ್ರರಿ, ಆವೃತ್ತಿ, ತಂದವರು ಯಾರು, ಬೆಂಬಲ ಮುಗಿಯುವ ದಿನ. ಕೊನೆಯ ಕಾಲಮ್ ತುಂಬಲು ಜಾಸ್ತಿ ಹೊತ್ತು ಹಿಡಿಯಿತು. ನಮ್ಮ ಪರದೆಗಳೆಲ್ಲ ನಿಂತಿದ್ದ ಆಂಗ್ಯುಲರ್‌ಜೆಎಸ್ ಎಂಬ ವೆಬ್ ಪುಟದ ಲೈಬ್ರರಿಗೆ ಅದೇ ಡಿಸೆಂಬರ್ 31ಕ್ಕೆ ಬೆಂಬಲ ಮುಗಿಯುತ್ತದೆ ಎಂದು ಗೊತ್ತಾದದ್ದೂ ಆಗಲೇ.

ಬದಲಾಯಿಸುವಾಗ ಕಷ್ಟ ಬಂದದ್ದು ಕೋಡ್‌ನಲ್ಲಲ್ಲ. ಹಳೆಯ ಲಾಗ್‌ಫೋರ್‌ಜೆಗಾಗಿ ಕೋಡ್ ಮಾಡುವ ಕರೆಗಳನ್ನು 2ನೇ ಸರಣಿಗೆ ದಾಟಿಸುವ ಸೇತುವೆ ಜಾರ್ ಒಂದನ್ನು ಅಪಾಚೆಯವರೇ ಕೊಡುತ್ತಾರೆ. ಅದನ್ನು ಹಾಕುವ ಮೊದಲು ಹಳೆಯ ಜಾರ್ ಎಲ್ಲ ಕಡೆಯಿಂದಲೂ ಹೋಗಿರಬೇಕು. ಎರಡೂ ಇದ್ದರೆ ಯಾವ ಕ್ಲಾಸ್ ಲೋಡ್ ಆಗುತ್ತದೆ ಎಂದು ಹೇಳಲಾಗದು. ನಮಗೆ ಹೀಗೇ ಆಯಿತು. ಟೆಸ್ಟ್ ಸರ್ವರ್‌ನಲ್ಲಿ ಸರಿಯಿದ್ದದ್ದು ಇನ್ನೊಂದರಲ್ಲಿ ಲಾಗ್ ಬರೆಯುವುದನ್ನೇ ನಿಲ್ಲಿಸಿತು. ನಾವೇ ಹಿಂದೆ ಬರೆದುಕೊಂಡಿದ್ದ ಅಪೆಂಡರ್ (ಲಾಗ್ ಎಲ್ಲಿಗೆ ಹೋಗಬೇಕೋ ಅಲ್ಲಿಗೆ ಬರೆಯುವ ಭಾಗ) ಸೇತುವೆಯ ಮೇಲೆ ನಡೆಯಲಿಲ್ಲ, ಹೊಸದಾಗಿ ಬರೆದೆವು. ಅಷ್ಟರಲ್ಲಿ ಹೊಸ ಸರಣಿಯಲ್ಲೇ 2.15.0, 2.16.0, 2.17.0, 2.17.1 ಎಂದು ಒಂದೇ ತಿಂಗಳಲ್ಲಿ ನಾಲ್ಕು ಬಂದವು. ಪ್ರತಿ ಸಲವೂ ಏರಿಸಿದೆವು. ನನಗೆ ಅದರಿಂದ ಬೇಸರ ಆಗಲಿಲ್ಲ. ತೂತು ಸಿಕ್ಕಿದಾಗ ರಾತ್ರಿಯಿಡೀ ಕೂತು ಮುಚ್ಚುವವರು ಅಲ್ಲಿ ಇದ್ದಾರೆ ಅನ್ನೋದೇ ದೊಡ್ಡ ಧೈರ್ಯ.

ಒಂದು ಸರ್ವಿಸ್‌ಗೆ ಸೋರ್ಸ್ ಕೋಡ್ ಪೂರ್ತಿ ಇರಲಿಲ್ಲ. ಅದಕ್ಕೆ 2022ರ ಜನವರಿಯಲ್ಲಿ ಬಂದ ರೀಲೋಡ್‌ಫೋರ್‌ಜೆ ಹಾಕಿದೆವು. ಅದು 1.2.17ರ ಕೋಡ್ ತೆಗೆದುಕೊಂಡು ತೂತು ಮುಚ್ಚಿ ಬೇರೆಯಾಗಿ ಮುಂದುವರಿಸಿದ ಕವಲು. ಹಳೆಯ ಜಾರ್ ತೆಗೆದು ಇದನ್ನು ಇಟ್ಟರೆ ಆಯಿತು.

ಶೀಟ್‌ನಿಂದ ಆದ ದೊಡ್ಡ ಉಪಕಾರ ಆಮೇಲೆ ಕಂಡಿತು. ನಮ್ಮ ಸರ್ವಿಸ್‌ಗಳು ನಿಂತಿದ್ದ ಜಾವಾ ಚೌಕಟ್ಟು ಸ್ಪ್ರಿಂಗ್ ಬೂಟ್ 2.7ರ ಕೊನೆಯ ಉಚಿತ ಆವೃತ್ತಿ ಬಂದದ್ದು 2023ರ ನವೆಂಬರ್‌ನಲ್ಲಿ. 3ಕ್ಕೆ ಹೋಗಲು ಜಾವಾ 17 ಬೇಕು, ನಾವಿದ್ದದ್ದು 8ರಲ್ಲಿ. ಬೆಂಬಲ ಮುಗಿಯುವ ದಿನ ಹತ್ತಿರವಾದರೆ ಹಳದಿ, ದಾಟಿದರೆ ಕೆಂಪು. ಶೀಟ್‌ನಲ್ಲಿ ಆ ಸಾಲು ಒಂದು ವರ್ಷ ಮೊದಲೇ ಹಳದಿಯಾಗಿತ್ತು, ಹಾಗಾಗಿ ವಾರಕ್ಕೊಂದು ಸರ್ವಿಸ್‌ನಂತೆ ನಿಧಾನವಾಗಿ ಸಾಗಿಸಿದೆವು. ಆಂಗ್ಯುಲರ್‌ಜೆಎಸ್‌ನ ಸಾಲು ಮಾತ್ರ ಇನ್ನೂ ಕೆಂಪಾಗಿದೆ. ಇನ್ನು ಮೂರು ಪರದೆ ಬಾಕಿ.