ಸ್ವಂತ ಮನೆಯೋ, ಬಾಡಿಗೆ ಮನೆಯೋ? ಲೆಕ್ಕ ಹಾಕುವುದು ಹೀಗೆ

ನೌಕರಿಗೆಂದು ಬೆಳಗಾವಿಗೆ ಬಂದು ನಾಲ್ಕಾರು ವರ್ಷ ಬಾಡಿಗೆ ಮನೆಯಲ್ಲಿ ಕಳೆದವರಿಗೆ ಮನೆಯ ಹಿರಿಯರು ಹೇಳುವ ಮಾತು ಹೆಚ್ಚುಕಡಿಮೆ ಒಂದೇ: ಆ ದುಡ್ಡಿನಲ್ಲಿ ಬ್ಯಾಂಕಿನ ಕಂತು ಕಟ್ಟಿದ್ದರೆ ಮನೆ ಸ್ವಂತದ್ದಾಗುತ್ತಿತ್ತು. ಕಾಳಜಿಯ ಮಾತು ಹೌದು, ಆದರೆ ಲೆಕ್ಕ ಸರಿಯಿಲ್ಲ. ಬಾಡಿಗೆಯಂತೆ ಸಾಲದ ಬಡ್ಡಿಯೂ ಮರಳಿ ಬಾರದ ಹಣವೇ. ಕಂತಿನಲ್ಲಿ ಅಸಲಿಗೆ ಜಮೆಯಾಗುವ ಭಾಗವಷ್ಟೇ ನಿಮ್ಮದಾಗಿ ಉಳಿಯುತ್ತದೆ.

ಮೊದಲಿಗೆ, ಕೊಳ್ಳಬೇಕೆಂದಿರುವಂಥದೇ ಮನೆಗೆ ಅದೇ ಬಡಾವಣೆಯಲ್ಲಿ ಬಾಡಿಗೆ ಎಷ್ಟೆಂದು ವಿಚಾರಿಸಿ. ವಡಗಾವಿಯ ಹಳೆಯ ಮನೆಯ ಬಾಡಿಗೆಯನ್ನು ಟಿಳಕವಾಡಿಯ ಹೊಸ ಫ್ಲ್ಯಾಟಿನ ಕಂತಿನೊಂದಿಗೆ ತೂಗಿದರೆ ಉತ್ತರ ತಪ್ಪೇ ಬರುತ್ತದೆ.

ಎರಡನೆಯದು ಖರೀದಿಯ ಪೂರ್ಣ ವೆಚ್ಚ. ಉದಾಹರಣೆಗೆ 50 ಲಕ್ಷ ರೂಪಾಯಿಯ ಫ್ಲ್ಯಾಟ್ ಒಂದನ್ನು ತೆಗೆದುಕೊಳ್ಳೋಣ. ಸಾಲದ ಮೊತ್ತ 30 ಲಕ್ಷದಿಂದ 75 ಲಕ್ಷದವರೆಗೆ ಇದ್ದಾಗ ಮನೆಯ ಬೆಲೆಯ ಶೇ 80ಕ್ಕಿಂತ ಹೆಚ್ಚು ಸಾಲ ಕೊಡಲು ರಿಸರ್ವ್ ಬ್ಯಾಂಕಿನ ನಿಯಮ ಒಪ್ಪುವುದಿಲ್ಲವಾದ್ದರಿಂದ, 10 ಲಕ್ಷ ಕೈಯಿಂದಲೇ ಹೋಗಬೇಕು. ಮುದ್ರಾಂಕ ಶುಲ್ಕ ಉಪಕರಗಳೂ ಸೇರಿ ಶೇ 5.6, ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ 2. ಎರಡೂ ಸೇರಿದರೆ ಇನ್ನೂ 3.8 ಲಕ್ಷ. ಇದಕ್ಕೆ ಸಾಲ ಸಿಗದೆಂಬುದು ಅನೇಕರಿಗೆ ತಿಳಿಯುವುದು ಕೊನೆಯ ಗಳಿಗೆಯಲ್ಲಿ.

ಉಳಿದ 40 ಲಕ್ಷವನ್ನು ಶೇ 8.5ರ ಬಡ್ಡಿಗೆ 20 ವರ್ಷಕ್ಕೆ ಪಡೆದರೆ ಕಂತು ಸುಮಾರು 34,700 ರೂಪಾಯಿ. ಮೊದಲ ಕಂತಿನಲ್ಲಿ 28,300 ರೂಪಾಯಿ ಬಡ್ಡಿಗೇ ಸಲ್ಲುತ್ತದೆ, ಅಸಲಿಗೆ ಬೀಳುವುದು 6,400 ಮಾತ್ರ. ಹತ್ತು ವರ್ಷ ತಪ್ಪದೆ ಕಟ್ಟಿದ ಮೇಲೂ 28 ಲಕ್ಷದಷ್ಟು ಸಾಲ ಬಾಕಿಯಿರುತ್ತದೆ. ಕೈಯಿಂದ ಹಾಕಿದ 13.8 ಲಕ್ಷವನ್ನು ಶೇ 6.5ರ ಠೇವಣಿಯಲ್ಲಿ ಇಟ್ಟಿದ್ದರೆ ತಿಂಗಳಿಗೆ 7,500 ರೂಪಾಯಿಯಷ್ಟು ಬರುತ್ತಿತ್ತು, ಅದೂ ಖರ್ಚೇ. ಮೊದಲ ತಿಂಗಳ ಬಡ್ಡಿ 28,300 ಮತ್ತು ಈ 7,500ಕ್ಕೆ ಆಸ್ತಿ ತೆರಿಗೆ, ನಿರ್ವಹಣೆಯ 2,000 ಸೇರಿಸಿದರೆ ತಿಂಗಳಿಗೆ ಮರಳಿ ಬಾರದ ಹಣ 38,000 ರೂಪಾಯಿಯ ಹತ್ತಿರ ಹೋಗುತ್ತದೆ.

ಅಂಥದೇ ಫ್ಲ್ಯಾಟ್ 15,000 ರೂಪಾಯಿ ಬಾಡಿಗೆಗೆ ಸಿಗುವುದಾದರೆ ವರ್ಷದ ಅಂತರ ಸುಮಾರು 2.75 ಲಕ್ಷ. ಅಂದರೆ ಫ್ಲ್ಯಾಟಿನ ಬೆಲೆ ವರ್ಷಕ್ಕೆ ಶೇ 5.5ರಷ್ಟಾದರೂ ಏರಿದರೆ ಮಾತ್ರ ಸರಿಸಮ. ನಿಮ್ಮ ಅಂಕಿಗಳು ಬೇರೆಯಿರುತ್ತವೆ, ಲೆಕ್ಕದ ದಾರಿ ಇದೇ.

ಮೂರನೆಯ ಪ್ರಶ್ನೆ ಊರಿನಲ್ಲಿ ಎಷ್ಟು ವರ್ಷ ಇರುತ್ತೀರಿ ಎಂಬುದು. ನನ್ನ ಮಟ್ಟಿಗೆ ನಿರ್ಧಾರ ನಿಲ್ಲುವುದೇ ಇದರ ಮೇಲೆ. ನೋಂದಣಿಗೆ ಹೋದ 3.8 ಲಕ್ಷವನ್ನು ಮೂರು ವರ್ಷಕ್ಕೆ ಹಂಚಿದರೆ ಬೆಲೆ ವರ್ಷಕ್ಕೆ ಇನ್ನೂ ಶೇ 2.5ರಷ್ಟು ಏರಬೇಕು, ಹತ್ತು ವರ್ಷಕ್ಕೆ ಹಂಚಿದರೆ ಶೇ 1 ಸಹ ಬೇಡ. ಅಷ್ಟರಲ್ಲಿ ಬಾಡಿಗೆ ಏರುತ್ತದೆ, ಕಂತಿನಲ್ಲಿ ಬಡ್ಡಿಯ ಪಾಲು ಇಳಿಯುತ್ತದೆ. ವರ್ಗಾವಣೆಯ ನೌಕರಿಯವರಿಗೆ ಬಾಡಿಗೆಯೇ ಲೇಸು. ಮಕ್ಕಳ ಶಾಲೆ, ತಂದೆ-ತಾಯಿ ಎಲ್ಲರೂ ಇಲ್ಲಿಯೇ ಎನ್ನುವವರು ಖರೀದಿಯ ಕಡೆ ವಾಲಬಹುದು. ಬಡ್ಡಿಗೆ ಸಿಗುವ 2 ಲಕ್ಷದವರೆಗಿನ ಆದಾಯ ತೆರಿಗೆ ವಿನಾಯಿತಿ, ಸ್ವಂತ ವಾಸದ ಮನೆಗಾದರೆ, ಹಳೆಯ ತೆರಿಗೆ ಪದ್ಧತಿಯವರಿಗೆ ಮಾತ್ರ.

ಖರೀದಿಯೆಂದೇ ನಿಶ್ಚಯವಾದರೆ ಉತಾರ (ಜಾಗದ ಹಕ್ಕು ದಾಖಲೆ), ಎನ್.ಎ. ಆದೇಶ (ಕೃಷಿ ಭೂಮಿಯನ್ನು ಕೃಷಿಯೇತರ ಬಳಕೆಗೆ ಪರಿವರ್ತಿಸಿದ ಆದೇಶ), ಋಣಭಾರ ಪತ್ರ (ಆಸ್ತಿಯ ಮೇಲಿನ ಸಾಲ-ಭಾರ ತೋರಿಸುವ ಪತ್ರ), ಇ-ಖಾತಾ (ಸ್ಥಳೀಯ ಸಂಸ್ಥೆಯ ಗಣಕೀಕೃತ ಆಸ್ತಿ ದಾಖಲೆ) ಇವುಗಳನ್ನು ವಕೀಲರಿಗೆ ತೋರಿಸಿ. ಎನ್.ಎ. ಆಗದ ಹೊಲವನ್ನು ಗುಂಠೆಗಟ್ಟಲೆ ತುಂಡರಿಸಿ ನೂರು ರೂಪಾಯಿ ಬಾಂಡಿನ ಮೇಲೆ ಬರೆದುಕೊಡುವ ಪ್ಲಾಟು ಎಷ್ಟೇ ಅಗ್ಗವಿರಲಿ, ನೋಂದಣಿಯಾಗದ ಆ ಕಾಗದದಿಂದ ಮಾಲೀಕತ್ವ ಬರುವುದಿಲ್ಲ. ಬೆಳಗಾವಿಯ ಬಳ್ಳಾರಿ ನಾಲಾ ಎಂಬ ಹಳ್ಳದ ಆಸುಪಾಸಿನ ಮನೆಯಾದರೆ ಮುಂಗಡ ಕೊಡುವ ಮೊದಲು ಜುಲೈ ತಿಂಗಳ ಜೋರು ಮಳೆಯಲ್ಲಿ ಒಮ್ಮೆ ಹೋಗಿ ನೀರು ಎಲ್ಲಿಯವರೆಗೆ ನಿಲ್ಲುತ್ತದೆಂದು ಕಣ್ಣಾರೆ ನೋಡಿ ಬನ್ನಿ.