ಫೋಟೋ ನೋಡಿ ಷರ್ಮನ್ ಟ್ಯಾಂಕಿನ ಮಾಡೆಲ್ ಗುರುತು ಹಿಡಿಯುವುದು ಹೇಗೆ? ಒಬ್ಬ ಜೀಪ್ ಮೆಕ್ಯಾನಿಕ್ ಹೇಳುವುದು

ನನ್ನದು ಮೂಡಿಗೆರೆಯಲ್ಲಿ ಜೀಪ್ ರಿಪೇರಿ ಶೆಡ್ಡು. ಟ್ಯಾಂಕಿಗೆ ಕೈ ಹಾಕಿದವನಲ್ಲ. ತಂಗಿ ಮಗ ಮೊಬೈಲಿನಲ್ಲಿ ಟ್ಯಾಂಕ್ ಗೇಮ್ ಆಡುತ್ತಾನೆ. ಒಂದು ದಿನ ಹಳೇ ಫೋಟೋ ತೋರಿಸಿ, "ಮಾವ, ಇದು ಯಾವ ಷರ್ಮನ್ ಹೇಳು ನೋಡೋಣ" ಅಂದ. ಷರ್ಮನ್ ಅಂದರೆ ಎರಡನೇ ಮಹಾಯುದ್ಧದ ಅಮೆರಿಕದ ಟ್ಯಾಂಕು; ಎಂ4 ಅದರ ಸೇನಾ ಹೆಸರು, ಎಂ4ಎ1, ಎಂ4ಎ2 ಇತ್ಯಾದಿ ಅದರ ಬಗೆಗಳು. ಗತ್ತಿನಿಂದ ಎಂ4ಎ3 ಅಂದೆ. ಅದು ಬರೀ ಎಂ4 ಆಗಿತ್ತು. ಮಸಾಲೆ ದೋಸೆ ಕೊಡಿಸಬೇಕಾಯಿತು. ಆಮೇಲೆ ಹಟಕ್ಕೆ ಬಿದ್ದು ಕಲಿತೆ.

ಟ್ಯಾಂಕಿಗೆ ಮುಂಚೆ ಜೀಪು. ಎಸ್ಟೇಟಿನವರು ಯುದ್ಧಕಾಲದ ಜೀಪು ತಂದು "ಇದು ವಿಲ್ಲೀಸ್" ಅಂತಾರೆ. ನಾನು ಬಗ್ಗಿ ರೇಡಿಯೇಟರ್ ಕೆಳಗಿನ ಅಡ್ಡಪಟ್ಟಿ ನೋಡುತ್ತೇನೆ. ದುಂಡು ಪೈಪಿದ್ದರೆ ವಿಲ್ಲೀಸ್. ಕವುಚಿ ಹಾಕಿದ ದೋಣಿಯಂತಿದ್ದರೆ ಫೋರ್ಡ್. ಫೋರ್ಡಿನವರು ಬೋಲ್ಟಿನ ತಲೆ ಮೇಲೂ ತಮ್ಮ 'ಎಫ್' ಅಕ್ಷರ ಒತ್ತುತ್ತಿದ್ದರು. ಆದರೂ ಇದರ ಸಾಮಾನು ಅದಕ್ಕೆ ಕೂರುತ್ತದೆ, ಯಾಕಂದರೆ ಫೋರ್ಡ್ ಕಟ್ಟಿದ್ದು ವಿಲ್ಲೀಸ್ ನಕ್ಷೆಯ ಪ್ರಕಾರ. ಷರ್ಮನ್ ನೋಡುವಾಗಲೂ ಇದೇ ಕಣ್ಣು ಬೇಕು. ಏನು ಬದಲಾಗಿದೆ ಅನ್ನುವುದರ ಜೊತೆಗೆ ಏನನ್ನು ಬದಲಾಯಿಸದೆ ಬಿಟ್ಟಿದ್ದಾರೆ ಅಂತಲೂ ನೋಡಬೇಕು.

ಮೊದಲು ಬಾಡಿಯ ಅಂಚು ನೋಡಿ. ಸೋಪು ಸವೆದ ಹಾಗೆ ಎಲ್ಲಾ ಕಡೆ ದುಂಡಗಿದ್ದರೆ ಅದು ಎರಕದ ಬಾಡಿ, ಎಂ4ಎ1. ತಗಡು ಜೋಡಿಸಿ ವೆಲ್ಡ್ ಮಾಡಿದ ಹಾಗೆ ಅಂಚು ಚೂಪಾಗಿದ್ದರೆ ಉಳಿದವುಗಳಲ್ಲಿ ಒಂದು. ಮುಂಭಾಗ ಮಾತ್ರ ಎರಕದ್ದು, ಹಿಂದೆಲ್ಲಾ ವೆಲ್ಡಿಂಗ್, ಇಂಥ ಬೆರಕೆ ಗಾಡಿಯೂ ಇದೆ. ಅದು ತಡವಾಗಿ ಬಂದ ಎಂ4.

ಆಮೇಲೆ ಚಕ್ರ. ಪ್ರತಿ ಪಕ್ಕದಲ್ಲಿ ಮೂರು ಬೋಗಿ (ಚಕ್ರಗಳನ್ನು ಹಿಡಿದಿರುವ ಚೌಕಟ್ಟು), ಒಂದೊಂದು ಬೋಗಿಗೆ ಎರಡು ಚಕ್ರ. ಬೋಗಿ ಹಾಳಾದರೆ ಹೊರಗಿನಿಂದ ಬೋಲ್ಟು ಬಿಚ್ಚಿ ಇಡಿಯಾಗಿ ಬದಲಾಯಿಸಬಹುದು. ಇದನ್ನು ಯೋಚಿಸಿದವನಿಗೆ ನನ್ನ ಸಲಾಮು. ಬೋಗಿಗಳು ಒತ್ತೊತ್ತಾಗಿವೆಯಾ, ನಡುವೆ ಅಗಲ ಜಾಗ ಇದೆಯಾ? ಜಾಗ ಇದ್ದರೆ ಬಹುತೇಕ ಎಂ4ಎ4. ಬೇರೆಯವಕ್ಕೆ ಒಂದು ಪಕ್ಕದ ಚೈನಿಗೆ 79 ಕೊಂಡಿ, ಇದಕ್ಕೆ 83.

ಆ ಜಾಗ ಬಂದದ್ದು ಎಂಜಿನ್ ದೆಸೆಯಿಂದ. ಮೊದಲು ಹಾಕಿದ್ದು ಕಾಂಟಿನೆಂಟಲ್ ಆರ್975, ವಿಮಾನದ ಎಂಜಿನ್, ಒಂಬತ್ತು ಸಿಲಿಂಡರು ಸುತ್ತಲೂ ಹೂವಿನ ಎಸಳಿನ ಹಾಗೆ. ವಿಮಾನದವರಿಗೂ ಅದೇ ಬೇಕಿತ್ತು, ಎಲ್ಲಾ ಟ್ಯಾಂಕಿಗೆ ಸಾಲಲಿಲ್ಲ. ಗಾಡಿ ಬದಲಾಯಿಸುವುದು ಬಿಟ್ಟು, ಸಿಕ್ಕಿದ ಎಂಜಿನ್ ಹಾಕಿದರು. ಎಂ4ಎ2ಗೆ ಜನರಲ್ ಮೋಟರ್ಸ್‌ನ ಜೋಡಿ ಡೀಸೆಲ್. ಎಂ4ಎ3ಗೆ ಫೋರ್ಡಿನ ವಿ8. ಕ್ರೈಸ್ಲರಿನವರು ಆರು ಸಿಲಿಂಡರಿನ ಐದು ಕಾರು ಎಂಜಿನ್ ಒಟ್ಟಿಗೆ ಕಟ್ಟಿ ಕೂರಿಸಿದರು. ಮೂವತ್ತು ಸಿಲಿಂಡರು! ಮೂವತ್ತು ಪ್ಲಗ್ ಕ್ಲೀನ್ ಮಾಡುವವನ ಗತಿ? ಅದು ಹಿಡಿಸಲೆಂದೇ ಎಂ4ಎ4ರ ಬಾಡಿ ಸುಮಾರು 28 ಸೆಂಟಿಮೀಟರ್ ಉದ್ದವಾಯಿತು.

ಹಾಗಾದರೆ ಸ್ಪೇರ್ ಕಲಸುಮೇಲೋಗರ ಆಗಲಿಲ್ವಾ? ಅದಕ್ಕೂ ದಾರಿ ಮಾಡಿಕೊಂಡಿದ್ದರು. ಎಂ4ಎ4 ಬಹುಪಾಲು ಬ್ರಿಟಿಷರಿಗೆ. ರಷ್ಯಾಕ್ಕೆ ಹೋದದ್ದು ಬಹುತೇಕ ಡೀಸೆಲ್ ಎಂ4ಎ2. ಎಂ4ಎ3 ಅಮೆರಿಕದ ಸೇನೆ ತನಗೇ ಇಟ್ಟುಕೊಂಡಿತು. ಹಾಗಾಗಿ ಫೋಟೋದಲ್ಲಿ ನಿಂತ ಸೈನಿಕರ ಟೋಪಿ, ಸಮವಸ್ತ್ರವೂ ಸುಳಿವೇ. 1945ರಲ್ಲಿ ಬರ್ಮಾದ ಮೇಯ್ಕ್ಟಿಲಾ ಕಾಳಗದಲ್ಲಿ ಆಗಿನ ಭಾರತೀಯ ಸೇನೆಯ ಪ್ರೋಬಿನ್ಸ್ ಹಾರ್ಸ್, ಡೆಕ್ಕನ್ ಹಾರ್ಸ್ ರೆಜಿಮೆಂಟುಗಳು ಓಡಿಸಿದ್ದೂ ಷರ್ಮನ್ನೇ.

ಈಗ ನಾನು ಸೋತ ಜಾಗ, ಎಂಜಿನ್ ಮೇಲಿನ ಮುಚ್ಚಳ. ಗಾಡಿಯ ಹಿಂಭಾಗ ಮೇಲಿನಿಂದ ಕಾಣುವ ಫೋಟೋ ಹುಡುಕಿ. ಟರೆಟ್ (ತೋಪು ಕೂತ, ತಿರುಗುವ ಮೇಲಿನ ಗೋಪುರ) ಹಿಂದೆ ದೊಡ್ಡ ಜಾಲರಿ ಬಾಗಿಲಿದ್ದರೆ ಎ2 ಅಥವಾ ಎ3. ಗಟ್ಟಿ ತಗಡಿದ್ದರೆ ವಿಮಾನದ ಎಂಜಿನ್, ಅಂದರೆ ಎಂ4 ಅಥವಾ ಎಂ4ಎ1. ಅಲ್ಲೇ ಒಂದು ಗುಬುಟು ಎದ್ದಿದ್ದರೆ ಎಂ4ಎ4.

ಮೂತಿಯ, ಅಂದರೆ ಮುಂದೆ ಕೆಳಗಿನ ಮುಚ್ಚಳದ, ಗುರುತು ಸುಲಭ. ಮೂರು ತುಂಡು ಬೋಲ್ಟು ಹಾಕಿ ಸೇರಿಸಿದ್ದರೆ ಮೊದಮೊದಲ ಗಾಡಿ, ಒಂದೇ ಎರಕದ್ದಾದರೆ ನಂತರದ್ದು. ಗೇರ್ ಬಾಕ್ಸ್ ಇರುವುದು ಆ ಮುಚ್ಚಳದ ಹಿಂದೆಯೇ.

ಕೊನೆಗೆ ಟರೆಟ್. ನನಗೆ ಜಾಸ್ತಿ ಇಷ್ಟವಾದದ್ದು ಇದೇ. ಟರೆಟ್ ಕೂರುವ ಬಳೆಯ ಅಗಲ 69 ಇಂಚು, ಅದನ್ನು ಯಾರೂ ಮುಟ್ಟಲಿಲ್ಲ. 75 ಎಂಎಂ ತೋಪು ಸಾಲದಾದಾಗ, ಟಿ23 ಅನ್ನುವ ಬೇರೊಂದು ಟ್ಯಾಂಕಿಗೆ ಮಾಡಿದ್ದ ಟರೆಟ್ಟನ್ನು 76 ಎಂಎಂ ತೋಪಿನ ಸಮೇತ ಇದೇ ಬಳೆಗೆ ಇಳಿಸಿದರು. ಬ್ರಿಟಿಷರು ಹಳೇ ಟರೆಟ್ಟಿನಲ್ಲೇ ತಮ್ಮ 17 ಪೌಂಡರ್ ತೋಪು ತುರುಕಿದರು. ವೈರ್‌ಲೆಸ್ಸಿಗೆ ಜಾಗ ಸಾಲದೆ ಹಿಂದಕ್ಕೆ ಒಂದು ಡಬ್ಬಿ ಅಂಟಿಸಿದರು. ಉದ್ದ ನಳಿಗೆ, ಬೆನ್ನಿಗೆ ಡಬ್ಬಿ ಕಂಡರೆ ಅದು ಫೈರ್‌ಫ್ಲೈ.

ಮುಂದಿನಿಂದ ತೆಗೆದ ಒಂದೇ ಫೋಟೋ ನೋಡಿ ಎಂ4, ಎ2, ಎ3 ಬೇರೆ ಮಾಡಲು ಹೋಗಬೇಡಿ. ದೋಸೆ ಕೊಡಿಸಬೇಕಾಗುತ್ತದೆ.

ಹುಡುಗ ಈಗ ಜರ್ಮನ್ ಪ್ಯಾಂಥರ್ ಟ್ಯಾಂಕ್ ಹಿಡಿದು ಕೂತಿದ್ದಾನೆ. ಅದರ ಚಕ್ರಗಳು ಒಂದರೊಳಗೊಂದು ಸಿಕ್ಕಿಸಿದ ಹಾಗೆ. ಒಳಗಿನ ಒಂದು ಕೆಟ್ಟರೆ ಮೊದಲು ಅದನ್ನು ಮುಚ್ಚಿರುವ ಹೊರಗಿನವನ್ನು ಬಿಚ್ಚಬೇಕು. ಒಂದೇ ಬಗೆಯ ಸಾಮಾನು ಹಂಚಿಕೊಳ್ಳುವ ಇ-10ರಿಂದ ಇ-100ರವರೆಗಿನ ಟ್ಯಾಂಕುಗಳ ಸಾಲು ಮಾಡೋಣ ಅಂತ ಜರ್ಮನರೂ ಹೊರಟರು, ಆದರೆ ತೀರಾ ತಡವಾಗಿ. 1945ರಲ್ಲಿ ಮಿತ್ರಪಡೆಗಳ ಕೈಗೆ ಸಿಕ್ಕಿದ್ದು ಅರ್ಧ ಕಟ್ಟಿದ ಒಂದು ಇ-100 ಬಾಡಿ. "ಮಾವ, ಪ್ಯಾಂಥರ್ ಶೆಡ್ಡಿಗೆ ಬಂದರೆ ಏನು ಮಾಡ್ತೀಯಾ?" ಅಂತ ಕೇಳಿದ. ಬಾಗಿಲು ಹಾಕಿ ಊಟಕ್ಕೆ ಹೋಗ್ತೀನಿ ಅಂದೆ.