ಬೆರ್ಲಾಖ್ ‘ಬಂದರು’, ಗಾಸ್ಟ್‌ಮನ್ ‘ಬಂದ’: ಒಂದು ಅನುವಾದದ ಅನುಭವ

ಸ್ವಿಟ್ಜರ್ಲೆಂಡಿನ ಫ್ರೀಡ್ರಿಖ್ ಡ್ಯೂರೆನ್‌ಮಾಟ್ 1950ರ ಡಿಸೆಂಬರಿನಿಂದ 1951ರ ಮಾರ್ಚಿನವರೆಗೆ ಧಾರಾವಾಹಿಯಾಗಿ ಬರೆದ ‘ಡೇರ್ ರಿಖ್ಟರ್ ಉಂಟ್ ಜೈನ್ ಹೆಂಕರ್’ ಕಾದಂಬರಿಯನ್ನು ಜರ್ಮನ್‌ನಿಂದ ನೇರವಾಗಿ ಕನ್ನಡಿಸಲು ಕುಳಿತಾಗ, ಶೀರ್ಷಿಕೆಯೊಂದೇ ಕಷ್ಟ ಕೊಟ್ಟೀತು ಎಂದುಕೊಂಡಿದ್ದೆ. ‘ಹೆಂಕರ್’ ಎಂದರೆ ಮರಣದಂಡನೆ ಜಾರಿಮಾಡುವವನು; ‘ನೇಣುಗಾರ’ ಎನ್ನೋಣವೆಂದರೆ ಕಥೆಯಲ್ಲಿ ಜೀವ ತೆಗೆಯುವುದು ಗುಂಡು, ಹಗ್ಗವಲ್ಲ. ‘ಕಟುಕ’ ಎಂದರೆ ಕಸಾಯಿಖಾನೆ ನೆನಪಾಗುತ್ತದೆ. ಕೊನೆಗೆ ‘ನ್ಯಾಯಾಧೀಶ ಮತ್ತು ಅವನ ವಧಕಾರ’ ಎಂದಿಟ್ಟು ಮುಂದುವರಿದೆ.

ನಿಜವಾದ ತೊಡಕು ಕ್ರಿಯಾಪದದ ತುದಿಯಲ್ಲಿತ್ತು. ಬೆರ್ನ್ ಪೊಲೀಸಿನ ಬೆರ್ಲಾಖ್ ವಯಸ್ಸಾದ, ಹೊಟ್ಟೆಯ ಕಾಯಿಲೆಯಿಂದ ನರಳುವ ಹಿರಿಯ ಅಧಿಕಾರಿಯಾದ್ದರಿಂದ, ಕೈ ತಾನಾಗಿ ‘ಬಂದರು, ಕುಳಿತರು’ ಎಂದು ಬರೆಯಿತು. ಬೆರ್ಲಾಖನ ಹಳೆಯ ವೈರಿ ಗಾಸ್ಟ್‌ಮನ್‌ಗೆ ‘ಬಂದ, ಕುಳಿತ’ ಸಾಕಾಯಿತು. ಗಾಸ್ಟ್‌ಮನ್ ಬೆರ್ಲಾಖನ ಮನೆಯಲ್ಲೇ ಕುಳಿತು, ಹತನಾದ ಪೊಲೀಸ್ ಅಧಿಕಾರಿ ಶ್ಮೀಡನ ಕಡತ ಓದುತ್ತಿರುವ ದೃಶ್ಯಕ್ಕೆ ಬಂದಾಗ ಲೇಖನಿ ನಿಂತಿತು. ರುಜುವಾತು ಮಾಡಲಾಗದ ಅಪರಾಧ ಸಾಧ್ಯವೇ ಎಂದು ಇವರಿಬ್ಬರೂ ನಲವತ್ತು ವರ್ಷಗಳ ಹಿಂದೆ ಟರ್ಕಿಯಲ್ಲಿ ಕುಡಿದ ಅಮಲಿನಲ್ಲಿ ಪಣ ಕಟ್ಟಿದ್ದರು. ಅದನ್ನು ಗೆಲ್ಲಲು ಗಾಸ್ಟ್‌ಮನ್, ಬೆರ್ಲಾಖನ ಕಣ್ಣೆದುರೇ ಒಬ್ಬ ವ್ಯಾಪಾರಿಯನ್ನು ಸೇತುವೆಯಿಂದ ನೀರಿಗೆ ತಳ್ಳಿದ್ದ. ಆ ಕೊಲೆಯನ್ನು ಸಾಬೀತುಪಡಿಸಲಾಗದ ಬೆರ್ಲಾಖ್, ಈಗ ಗಾಸ್ಟ್‌ಮನ್ ಮಾಡದ ಕೊಲೆಗೆ ಅವನನ್ನು ಬಲಿ ಕೊಡಲು ಹೊರಟಿದ್ದಾನೆ. ಇವರಲ್ಲಿ ಯಾರು ಮೇಲು ಎಂಬುದೇ ಕಾದಂಬರಿಯ ಪ್ರಶ್ನೆಯಾಗಿರುವಾಗ, ನನ್ನ ‘ರು’ ಪ್ರತ್ಯಯ ಮೊದಲ ಪುಟದಲ್ಲೇ ತೀರ್ಪು ಹೇಳಿಬಿಟ್ಟಿತ್ತು! ‘ಅವನು’, ‘ಅವರು’ ಎಂಬ ಭೇದವಿಲ್ಲದ ಜರ್ಮನ್‌ನ ‘ಎರ್’ಗೆ ಈ ಪಕ್ಷಪಾತ ಗೊತ್ತಿಲ್ಲ.

ಮತ್ತೆ ಮೊದಲಿನಿಂದ ತಿದ್ದಿದೆ. ನಿರೂಪಣೆಯಲ್ಲಿ ಎಲ್ಲರೂ ಏಕವಚನ, ಮರ್ಯಾದೆಯೇನಿದ್ದರೂ ಸಂಭಾಷಣೆಯಲ್ಲಿ. ಅಲ್ಲಿ ಕನ್ನಡ ಕೈಹಿಡಿಯಿತು: ಬೆರ್ಲಾಖನೂ ಅವನ ಮೇಲಧಿಕಾರಿ ಲುಟ್ಸ್ ಕೂಡ ‘ನೀವು’ ಎಂದು ಮಾತಾಡಿದರೆ, ಬೆರ್ಲಾಖ್ ಮತ್ತು ಗಾಸ್ಟ್‌ಮನ್ ‘ನೀನು’ ಎನ್ನುತ್ತಾರೆ, ಹಳೆಯ ವೈರಿಗಳ ಈ ಸಲುಗೆ ಇಂಗ್ಲಿಷಿನಲ್ಲಿ ಕಾಣಿಸುವುದೇ ಇಲ್ಲ. ಶಂಕಿತನ ಸುಳಿವು ಕೊಡದ ಬೆರ್ಲಾಖನ ಮಾತನ್ನು ‘ಒಬ್ಬನ ಮೇಲೆ’ ಎನ್ನದೆ ‘ಯಾರ ಮೇಲೋ ಅನುಮಾನವಿದೆ’ ಎಂದು ಮಾಡಿದೆ. ‘ಒಬ್ಬನ’ ಎಂದಿದ್ದರೆ ಶ್ಮೀಡನನ್ನು ನಿಜವಾಗಿ ಕೊಂದ ಸಹಾಯಕ ಚಾಂಟ್ಸ್‌ನ ಕಡೆಗೆ ಬೆರಳು ತೋರಿದಂತಾಗುತ್ತಿತ್ತು.

ಕೊನೆಯ ಊಟದ ದೃಶ್ಯ ಎಲ್ಲಕ್ಕಿಂತ ಹೆಚ್ಚು ಸತಾಯಿಸಿತು. ಚಾಂಟ್ಸ್‌ನನ್ನು ಎದುರಿಗೆ ಕೂರಿಸಿಕೊಂಡು, ಬದುಕಲು ಒಂದು ವರ್ಷವಷ್ಟೇ ಉಳಿದಿರುವ ಬೆರ್ಲಾಖ್ ಬಗೆಬಗೆಯ ಖಾದ್ಯಗಳನ್ನು ಒಂದಾದಮೇಲೊಂದು ಬಾಚಿಕೊಂಡು ತಿನ್ನುತ್ತಾನೆ. ಮೂಲದಲ್ಲಿ ‘ಡೇರ್ ಆಲ್ಟೆ’ ಎಂಬುದು ಪದೇ ಪದೇ ಬರುತ್ತದೆ. ‘ವೃದ್ಧರು’ ಎಂದಿದ್ದನ್ನು ‘ಮುದುಕ’ ಎಂದು ಬದಲಿಸಿದೆ. ಮೊದಲ ಕರಡನ್ನು ಓದಿದ್ದ ನನ್ನ ಅತ್ತಿಗೆ, “ಪಾಪ, ಹೊಟ್ಟೆ ಸರಿಯಿಲ್ಲದವರು ಇಷ್ಟು ತಿಂದರಲ್ಲ” ಎಂದು ಮರುಗಿದ್ದರು. ತಿದ್ದಿದ ಪ್ರತಿಯನ್ನು ಓದಿ, “ಮುದುಕ ಇನ್ನೂ ತಿನ್ನುತ್ತಲೇ ಇದ್ದಾನಲ್ಲ” ಎಂದು ಹಾಳೆಗಳನ್ನು ಮಗುಚಿಟ್ಟರು.